ನನ್ನದು ಎನ್ನುವ ಹಾಡು

‘ಇದು ನನ್ನ ಹಾಡು’ ಎಂದು ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ! ಬಸ್ಸಿನಲ್ಲಿ ಡ್ರೈವರು ಹಾಕಿದ ಹಾಡೊಂದು ಕಿವಿಗೆ ಬಿದ್ದರೆ ಸಾಕು, ಪಕ್ಕದಲ್ಲಿ ಕೂತವಳ ಮೊಣಕೈ ತಿವಿದು ‘ಅಯ್ಯೋ, ನನ್ನ ಹಾಡು ಕಣೇ’ ಎನ್ನುತ್ತೇವೆ. ಬರೆದವರು ಯಾರೋ, ರಾಗ ಹಾಕಿದವರು ಯಾರೋ, ಹಾಡಿದವರು ಇನ್ಯಾರೋ. ಆದರೂ ನಮ್ಮದು ಎಂದದ್ದಕ್ಕೆ ಯಾರೂ ಜಗಳಕ್ಕೆ ಬರುವುದಿಲ್ಲ. ಇದೇ ಮಾತನ್ನು ಸೀರೆಯ ವಿಷಯದಲ್ಲೋ ಸೈಟಿನ ವಿಷಯದಲ್ಲೋ ಹೇಳಿ ನೋಡಿ, ಆಗ ಗೊತ್ತಾಗುತ್ತದೆ!

ಹಾಗಾದರೆ ಹಾಡೊಂದು ನಮ್ಮದಾಗುವುದು ಯಾವಾಗ? ಕೇಳಿದಾಗಲೇ, ಕೊಂಡಾಗಲೇ, ಕಲಿತಾಗಲೇ? ಇದು ಕೆಲಸವಿಲ್ಲದವರ ಪ್ರಶ್ನೆ ಎಂದು ನಗಬೇಡಿ. ಇತ್ತೀಚಿನ ಕೆಲವು ವರ್ಷಗಳಲ್ಲಿ ಇದು ನನ್ನನ್ನು ಹಲವು ರೀತಿಯಲ್ಲಿ ಕಾಡಿದೆ.

ಒಂದು ಕಾಲದಲ್ಲಿ ಇದಕ್ಕೆ ಕೈಯಲ್ಲಿ ಹಿಡಿದು ತೋರಿಸುವಂಥ ಉತ್ತರವಿತ್ತು. ಅದು ಕ್ಯಾಸೆಟ್ಟು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಡಬ್ಬಿ ನಮ್ಮ ಊರುಗಳಿಗೆ ಬಂದು ನೆಲೆಯೂರುವ ಹೊತ್ತಿಗೆ ಎಂಬತ್ತರ ದಶಕ ಬಂದಿತ್ತು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿ ಬಂತು. ಆಮೇಲೆ ಕನ್ನಡದ ಭಾವಗೀತೆಗಳು ನಮ್ಮ ಮನೆಗಳೊಳಗೆ ಕುರ್ಚಿ ಹಾಕಿಕೊಂಡು ಕೂತವು. ಮಗ್ಗುಲಿಗೆ ಮೂವತ್ತು ನಿಮಿಷದ ಕ್ಯಾಸೆಟ್ಟು, ನಲವತ್ತೈದು ನಿಮಿಷದ ಕ್ಯಾಸೆಟ್ಟು. ಸುರುಳಿ ಸಡಿಲವಾದರೆ ಪೆನ್ಸಿಲ್ ತೂರಿಸಿ ತಿರುಗಿಸಬೇಕು. ಮಳೆಗಾಲದಲ್ಲಿ ಬೂಷ್ಟು ಬರದಂತೆ ಕಾಪಾಡಬೇಕು. ಯಾರಾದರೂ ಕೇಳಿ ಒಯ್ದರೆ ನೆನಪಿಟ್ಟುಕೊಂಡು ವಾಪಸು ಕೇಳಬೇಕು. ಒಟ್ಟಿನಲ್ಲಿ ಹಾಡೂ ಒಂದು ಪದಾರ್ಥ, ಉಪ್ಪಿನಕಾಯಿ ಭರಣಿಯ ಹಾಗೆ.

ಈಗ ಆ ಭರಣಿಯೇ ಇಲ್ಲ. 2008ರಲ್ಲಿ ಸ್ವೀಡನ್ನಿನಲ್ಲಿ ಶುರುವಾದ ಸ್ಪಾಟಿಫೈ 2019ರಲ್ಲಿ ನಮ್ಮ ದೇಶಕ್ಕೂ ಬಂತು. ಅಷ್ಟು ಹೊತ್ತಿಗೆ ಇಲ್ಲಿಯದೇ ಬೇರೆ ಆ್ಯಪ್‌ಗಳೂ ಇದ್ದವು. ತಿಂಗಳಿಗಿಷ್ಟು ಎಂದು ಹಣ ಕಟ್ಟಿ, ಇಲ್ಲವೇ ನಡುವೆ ಬರುವ ಜಾಹೀರಾತು ಸಹಿಸಿಕೊಂಡು, ಕೋಟಿಗಟ್ಟಲೆ ಹಾಡಿನಲ್ಲಿ ಬೇಕಾದ್ದನ್ನು ಕೇಳಬಹುದು. ಇಡಲು ಜಾಗ ಬೇಡ, ಧೂಳು ಒರೆಸಬೇಕಿಲ್ಲ, ಯಾರೂ ಕೇಳಿ ಒಯ್ಯುವುದಿಲ್ಲ.

ಇದನ್ನು ನಾನು ಹೀನಾಯ ಮಾಡಲಾರೆ. ಹಳೆಯದೆಲ್ಲ ಬಂಗಾರ ಎನ್ನುವವರು ಒಂದು ಸಣ್ಣ ವಿಷಯ ಮರೆತಿರುತ್ತಾರೆ: ಆ ಟೇಪ್‌ರೆಕಾರ್ಡರ್ ಮನೆಯಲ್ಲಿ ಯಾರದಾಗಿತ್ತು? ನಮ್ಮ ತೌರಿನಲ್ಲಿ ಅದು ಅಪ್ಪನದು. ಹಾಲಿನ ಸ್ಟ್ಯಾಂಡಿನ ಮೇಲೆ ಕಸೂತಿಯ ಬಟ್ಟೆ ಹೊದ್ದು ಕೂತಿರುತ್ತಿತ್ತು. ಬಟ್ಟೆಗೆ ಕಸೂತಿ ಹಾಕಿದವಳು ಅಮ್ಮ, ಗುಂಡಿ ಒತ್ತುವವರು ಅಪ್ಪ. ಅಮ್ಮ ಏನಿದ್ದರೂ ಅಡಿಗೆಮನೆಯಿಂದ ಕಿವಿ ಚಾಚಿ ಕೇಳಬೇಕು. ಒಗ್ಗರಣೆ ಸಿಡಿಯುವಾಗ ಚರಣ ತಪ್ಪಿಹೋದರೆ ಹೋಯಿತು. ‘ಇನ್ನೊಂದು ಸಲ ಹಾಕಿ’ ಎಂದು ಅವಳು ಹೇಳಿದ್ದನ್ನು ನಾನು ಕೇಳಿಲ್ಲ. ಇಂದು ನನ್ನ ಮನೆಗೆ ಪಾತ್ರೆ ತೊಳೆಯಲು ಬರುವ ಹುಡುಗಿ ಒಂದು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ತನಗೆ ಬೇಕಾದ ಹಾಡನ್ನು, ತನಗೆ ಬೇಕಾದಷ್ಟು ಸಲ ಕೇಳುತ್ತಾಳೆ. ಅವಳನ್ನು ನೋಡಿದಾಗಲೆಲ್ಲ ನನಗೆ ಅಮ್ಮ ನೆನಪಾಗುತ್ತಾಳೆ. ಕೇಳುವ ಸುಖವೊಂದನ್ನೇ ಲೆಕ್ಕಕ್ಕೆ ಹಿಡಿದರೆ ಈ ಕಾಲವೇ ಮೇಲು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಕೇಳುವುದಷ್ಟೇ ಲೆಕ್ಕವೇ?

ನನ್ನ ಗೆಳತಿಯೊಬ್ಬಳ ಯಜಮಾನರು ಎರಡು ವರ್ಷದ ಹಿಂದೆ ತೀರಿಕೊಂಡರು. ಹಾಡೆಂದರೆ ಜೀವ ಬಿಡುತ್ತಿದ್ದ ಮನುಷ್ಯ. ರಾತ್ರಿ ಊಟವಾದ ಮೇಲೆ ಬಾಲ್ಕನಿಯಲ್ಲಿ ಕೂತು ಫೋನಿನಲ್ಲಿ ಹಾಡು ಹಾಕುವುದು, ಇವಳು ಮರುದಿನಕ್ಕೆ ಅವರೆಕಾಯಿಯನ್ನೋ ಹಸಿ ಬಟಾಣಿಯನ್ನೋ ಬಿಡಿಸುತ್ತಾ ಕೇಳುವುದು. ಏಳೆಂಟು ವರ್ಷ ಹೀಗೆ ಕೇಳಿ ಕೇಳಿ, ಬೇಡದ್ದನ್ನು ತೆಗೆದು ಬೇಕಾದ್ದನ್ನು ಸೇರಿಸಿ, ಇನ್ನೂರು ಹಾಡಿನ ಒಂದು ಪಟ್ಟಿ ಮಾಡಿದ್ದರಂತೆ. ಅವರು ಹೋದ ಮೇಲೆ ಬ್ಯಾಂಕಿನ ಕಾರ್ಡು ನಿಂತಿತು, ತಿಂಗಳ ಹಣ ನಿಂತಿತು. ಮಗ ಆ ಫೋನನ್ನು ಅಳಿಸಿ ಹೊಸದು ಮಾಡಿಕೊಟ್ಟ. ಆ್ಯಪ್‌ನ ಖಾತೆ ತೆರೆದಿದ್ದದ್ದು ಆಫೀಸಿನ ಇ-ಮೇಲ್ ವಿಳಾಸದಲ್ಲಿ. ಆಫೀಸಿನವರು ಅದನ್ನು ಮುಚ್ಚಿಯಾಗಿತ್ತು. ಕಂಪನಿಗೆ ಬರೆದು ಕೇಳಿದರೆ, ಒಬ್ಬರ ಖಾತೆಯನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಬರುವುದಿಲ್ಲ ಎಂಬ ಉತ್ತರ ಬಂತು. ಬಹಳ ವಿನಯದ ಉತ್ತರ.

ನಾನು ಸಮಾಧಾನ ಹೇಳಲು ಹೋದೆ: ‘ಹಾಡು ಎಲ್ಲಿಗೆ ಹೋಗತ್ತೆ? ಹೆಸರು ನೆನಪಿದ್ದಷ್ಟು ಹುಡುಕಿ ಮತ್ತೆ ಪಟ್ಟಿ ಮಾಡೋಣ.’

ಅವಳು ಹೇಳಿದಳು: ‘ಹಾಡೆಲ್ಲಾ ಸಿಗತ್ತೆ ಕಣೇ. ಇವರ ಹಾಡು ಸಿಗಲ್ಲ.’

ಈ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಯಾವುದಾದ ಮೇಲೆ ಯಾವುದು ಬರುತ್ತಿತ್ತು, ಎಲ್ಲಿ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಯಾವುದು ಬಂದರೆ ‘ಇದು ನಿನಗೆ’ ಎನ್ನುತ್ತಿದ್ದರು — ಇದು ಯಾವ ಭಂಡಾರದಲ್ಲಿ ಹುಡುಕಿದರೆ ಸಿಕ್ಕೀತು? ಅದೇ ಅವರು ನಲವತ್ತು ಕ್ಯಾಸೆಟ್ಟು ಬಿಟ್ಟು ಹೋಗಿದ್ದರೆ, ಬೆನ್ನ ಮೇಲೆ ಅವರ ಕೈಬರಹದಲ್ಲಿ ಬರೆದ ಪಟ್ಟಿಯಾದರೂ ಇರುತ್ತಿತ್ತು.

ಅವಳ ಮನೆಯಿಂದ ಬರುವಾಗ ನನಗೆ ನೆನಪಾದದ್ದು ಹಾಡಲ್ಲ, ನಮ್ಮ ದೊಡ್ಡಜ್ಜಿಯ ಅಡಿಕೆ ತೋಟ. ದೊಡ್ಡಜ್ಜಿ ಎಂದರೆ ನನ್ನ ಅಜ್ಜಿಯ ಅಕ್ಕ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಹಿಸ್ಸೆಯಾಗಿ ಬೇರೆಯಾಗಿದ್ದ ಗಂಡನ ಪಾಲಿನ ತೋಟ ಅವಳಿಗೆ ಬಂದಿತ್ತು. ಬೇಸಾಯ ಮಾಡಿಸುವುದು ಅವಳೇ, ಕೊನೆ ಕೊಯ್ಸುವುದು ಅವಳೇ, ಬಂದ ಹಣ ಎಣಿಸುವುದೂ ಅವಳೇ. ನೋಡಿದವರು ‘ಯಜಮಾನಿ’ ಎನ್ನಬೇಕು, ಹಾಗಿದ್ದಳಂತೆ. ತಾನು ಸಾಕಿಕೊಂಡಿದ್ದ ತಮ್ಮನ ಮಗಳ ಮದುವೆಯಲ್ಲಿ ತೋಟದ ಒಂದು ಮೂಲೆಯನ್ನು ಆ ಹುಡುಗಿಯ ಹೆಸರಿಗೆ ಮಾಡಬೇಕು ಎಂದು ಹೊರಟಳು. ಆಗ ಮೈದುನಂದಿರು ಬಂದು ಅಂದರಂತೆ: ‘ಅತ್ತಿಗೆ, ಇರುವಷ್ಟು ದಿನ ಉಂಡುಕೊಂಡಿರಿ. ಕೊಡೋದು ನಿಮ್ಮ ಕೈಯಲ್ಲಿಲ್ಲ.’

ಅವರು ಹೇಳಿದ್ದು ಆಗಿನ ಕಾನೂನನ್ನೇ. ಅಂದಿನ ಹಿಂದೂ ಕಾನೂನಿನಲ್ಲಿ ವಿಧವೆಗೆ ಗಂಡನ ಆಸ್ತಿಯಲ್ಲಿ ಸಿಗುತ್ತಿದ್ದದ್ದು ಸೀಮಿತ ಹಕ್ಕು. ಅನುಭವಿಸಬಹುದು. ತೀರಾ ಅನಿವಾರ್ಯವಾದ ಕಾರಣವಿಲ್ಲದೆ ಮಾರುವಂತಿಲ್ಲ, ಇಷ್ಟ ಬಂದವರಿಗೆ ದಾನ ಕೊಡುವಂತಿಲ್ಲ, ಉಯಿಲು ಬರೆದಿಡುವಂತಿಲ್ಲ. ಅವಳ ಕಾಲಾನಂತರ ಅದು ಗಂಡನ ಕಡೆಯವರಿಗೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮು ಬಂದು, ಹೆಣ್ಣು ತನ್ನ ಸ್ವಾಧೀನದಲ್ಲಿರುವ ಆಸ್ತಿಗೆ ಪೂರ್ಣ ಒಡತಿ, ಸೀಮಿತ ಒಡತಿಯಲ್ಲ ಎಂದಿತು. ದೊಡ್ಡಜ್ಜಿ ಅಷ್ಟು ಕಾಲ ಬದುಕಿದ್ದಳು. ಮೊದಲು ಮಾಡಿದ ಕೆಲಸ ಆ ಮೂಲೆಯನ್ನು ತಮ್ಮನ ಮಗಳಿಗೆ ಬರೆದುಕೊಟ್ಟದ್ದು. ‘ಅವತ್ತು ತೋಟ ನನ್ನದಾಯ್ತು’ ಎನ್ನುತ್ತಿದ್ದಳಂತೆ. ಯೋಚಿಸಿ ನೋಡಿ, ಕೊಟ್ಟ ದಿನ ಅದು ಅವಳದಾದದ್ದು!

ನಾವು ಆ್ಯಪ್‌ಗೆ ಹಣ ಕಟ್ಟಿ ಪಡೆಯುವುದು ಬಹುಮಟ್ಟಿಗೆ ಇಂಥ ಸೀಮಿತ ಹಕ್ಕು. ಉಂಡುಕೊಂಡಿರಬಹುದು. ಫೋನಿಗೆ ಇಳಿಸಿಕೊಂಡೆ ಎಂದು ನಾವು ತಿಳಿಯುವ ಹಾಡು ಕೂಡ ಆ ಆ್ಯಪ್‌ನೊಳಗೆ ಬೀಗ ಹಾಕಿಕೊಂಡೇ ಇರುತ್ತದೆ. ಹಣ ನಿಂತ ಮೇಲೆ ಅದೂ ತೆರೆಯುವುದಿಲ್ಲ. ಅತ್ತ ಕಂಪನಿಗೂ ಆ ಹಾಡು ಸ್ವಂತವಲ್ಲ, ಅದೂ ಧ್ವನಿಮುದ್ರಣದ ಒಡೆಯರಿಂದ ಒಪ್ಪಂದದ ಮೇಲೆ ಪಡೆದದ್ದು. 2023ರ ಮಾರ್ಚಿನಲ್ಲಿ ಸ್ಪಾಟಿಫೈ ಮತ್ತು ಜೀ ಮ್ಯೂಸಿಕ್ ನಡುವಿನ ಒಪ್ಪಂದ ಮುಗಿದು ಹೊಸದು ಕೂಡಿಬರದೆ ಹೋದಾಗ, ಎಷ್ಟೋ ಹಿಂದಿ ಸಿನಿಮಾ ಹಾಡುಗಳು ಕೇಳುಗರ ಪಟ್ಟಿಗಳಿಂದ ಮಾಯವಾದವು. 2014ರಲ್ಲಿ ಬಂದ ವಿಂಕ್ ಮ್ಯೂಸಿಕ್ ಹತ್ತು ವರ್ಷಕ್ಕೇ, 2024ರಲ್ಲಿ, ಬಾಗಿಲು ಹಾಕುವುದಾಗಿ ಹೇಳಿತು. ವ್ಯಾಪಾರವೆಂದ ಮೇಲೆ ಇದೆಲ್ಲ ಇದ್ದದ್ದೇ. ನನ್ನ ಚಿಂತೆ ಅದಲ್ಲ. ಹಾಡು ತಪ್ಪಿಹೋದರೆ ಇನ್ನೊಂದು ಕಡೆ ಸಿಕ್ಕೀತು. ನನ್ನ ಮಗಳಿಗೆ ‘ಇಕೋ, ಇದು ಇನ್ನು ನಿನ್ನದು’ ಎಂದು ಕೊಡಲು ನನ್ನ ಕೈಯಲ್ಲಿ ಏನಿದೆ ಎಂಬುದು ಚಿಂತೆ.

ಕೊಡುವವರ ಕೈಯಲ್ಲಿ ಸಾಮಾನು ಇದ್ದದ್ದರಿಂದ ಏನಾಯಿತು ಎಂಬುದಕ್ಕೆ ನಮ್ಮ ಮೈಸೂರಿನವರೆಗೂ ಬರುವ ಒಂದು ಕಥೆಯಿದೆ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿ ಗ್ರಾಮೊಫೋನ್ ಕಂಪನಿಯ ಕಹಳೆಯೊಳಗೆ ಮುಖವಿಟ್ಟು ಹಾಡಿದಳು. ಗಂಟೆಗಟ್ಟಲೆ ಹಾಡುವುದನ್ನು ಮೂರು ನಿಮಿಷದೊಳಗೆ ಅಡಕಬೇಕಿತ್ತು. ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ಜರ್ಮನಿಯಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಯಾರ ಹಾಡೆಂದು ತಿಳಿಯಲಿ ಎಂದು. ದೇಶದಲ್ಲೆಲ್ಲ ಹೆಸರು ಮಾಡಿದ ಈ ಹೆಣ್ಣುಮಗಳು ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿಗೆ ಬಂದಳು. 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡಳು. ಅವಳ ದನಿ ಮಾತ್ರ ಉಳಿಯಿತು. ಅರಗಿನಿಂದ ಮಾಡಿದ ಆ ತಟ್ಟೆಗಳು ಬಿದ್ದರೆ ಒಡೆಯುವಂಥವು. ಅವು ಉಳಿದದ್ದು ಯಾರ್ಯಾರದೋ ಮನೆಯ ಅಟ್ಟದಲ್ಲಿ, ಬೀರುವಿನಲ್ಲಿ, ತಂದೆಯಿಂದ ಮಗನಿಗೆ, ಹಳೇ ಸಾಮಾನಿನವನಿಂದ ಹವ್ಯಾಸಿಗೆ ಕೈ ದಾಟುತ್ತಾ. ಇಂದು ಅವಳ ಹಾಡನ್ನು ಫೋನಿನಲ್ಲಿ ಕೇಳುತ್ತೇವಲ್ಲ, ಅದು ಹಿಂದೊಮ್ಮೆ ಯಾರೋ ಇಟ್ಟುಕೊಂಡು ಇನ್ಯಾರಿಗೋ ಕೊಟ್ಟದ್ದರ ಫಲ.

ಹಾಗೆಂದು ಇಟ್ಟುಕೊಂಡವರೆಲ್ಲ ಪುಣ್ಯವಂತರಲ್ಲ. ನನಗೆ ಗೊತ್ತಿದ್ದ ಹಿರಿಯರೊಬ್ಬರ ಮನೆಯಲ್ಲಿ ಗೋಡೆ ತುಂಬ ಕ್ಯಾಸೆಟ್ಟು, ಎಲ್ಲಕ್ಕೂ ನಂಬರು, ಗಾಜಿನ ಬಾಗಿಲು, ಬೀಗ. ಬೀಗದ ಕೈ ಅವರ ಜನಿವಾರದಲ್ಲಿ. ಯಾರಿಗೂ ಕೊಟ್ಟವರಲ್ಲ, ‘ಕೆಡುತ್ತದೆ’ ಎಂದು ಸ್ವತಃ ಹೆಚ್ಚು ಕೇಳಿದವರೂ ಅಲ್ಲ. ಅವರ ನಂತರ ತೆಗೆದು ನೋಡಿದರೆ ಮಲೆನಾಡಿನ ಥಂಡಿಗೆ ಮುಕ್ಕಾಲು ಪಾಲು ಬೂಷ್ಟು ಹಿಡಿದಿತ್ತು. ಇಂಥ ಒಡೆತನಕ್ಕಿಂತ ಬಾಡಿಗೆಯೇ ವಾಸಿ. ಕೊಡುವ ಹಕ್ಕಿದ್ದೂ ಕೊಡದವನಿಗೂ, ಕೊಡುವ ಹಕ್ಕೇ ಇಲ್ಲದವನಿಗೂ ಕೊನೆಯಲ್ಲಿ ಏನು ವ್ಯತ್ಯಾಸ?

ಇನ್ನೊಂದು ಮಾತನ್ನೂ ನ್ಯಾಯವಾಗಿ ಹೇಳಬೇಕು. ಕೊಡುವುದೆಂದರೆ ನಕಲು ಮಾಡಿ ಊರಿಗೆಲ್ಲ ಹಂಚುವುದೇ? ಆಗ ಪೇಟೆಯಲ್ಲಿ ರೆಕಾರ್ಡಿಂಗ್ ಅಂಗಡಿಗಳಿದ್ದವು, ನಿಮಗೂ ನೆನಪಿರಬಹುದು. ಖಾಲಿ ಕ್ಯಾಸೆಟ್ಟು, ಹಾಡಿನ ಚೀಟಿ ಕೊಟ್ಟರೆ ನಾಲ್ಕು ದಿನದಲ್ಲಿ ತುಂಬಿಸಿಕೊಡುತ್ತಿದ್ದರು. ಅದರಲ್ಲಿ ಹಾಡಿದವರಿಗೂ ಬರೆದವರಿಗೂ ಬಿಡಿಗಾಸಿಲ್ಲ. ಆ ಮಟ್ಟಿಗೆ ಇಂದಿನ ಆ್ಯಪ್‌ಗಳು ಲೆಕ್ಕವಿಟ್ಟು ಅಷ್ಟಿಷ್ಟು ಕೊಡುತ್ತವೆ. ಅಲ್ಲೂ ಎಲ್ಲರಿಗೂ ಅಲ್ಲ. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ ಹನ್ನೆರಡು ತಿಂಗಳಲ್ಲಿ ಒಂದು ಸಾವಿರ ಸಲವಾದರೂ ಕೇಳಿರದ ಹಾಡಿಗೆ ಗೌರವಧನದಲ್ಲಿ ಪಾಲಿಲ್ಲ. ಸಣ್ಣ ಊರಿನ ಸಣ್ಣ ದನಿಗೆ ಸಾವಿರವೂ ದೊಡ್ಡ ಸಂಖ್ಯೆಯೇ. ನಮ್ಮ ಊರಿನವಳೊಬ್ಬಳು ತನ್ನ ಹಾಡಿನ ಸಿ.ಡಿ.ಯನ್ನೋ ಪೆನ್‌ಡ್ರೈವನ್ನೋ ಮಾರುತ್ತಿದ್ದರೆ ದುಡ್ಡು ಕೊಟ್ಟು ಕೊಳ್ಳುವುದರಲ್ಲಿ ಇರುವ ಮರ್ಯಾದೆ ಬೇರೆ. ಅವಳಿಗೂ ಸಲ್ಲುತ್ತದೆ, ನನಗೂ ಒಂದು ವಸ್ತು ಆಗುತ್ತದೆ.

ವಸ್ತುವೇ ಇಲ್ಲದೆ ಹಾಡನ್ನು ತನ್ನದು ಮಾಡಿಕೊಳ್ಳುವ ದಾರಿಯೂ ಇದೆ. ಅದನ್ನು ನಮ್ಮ ಹಿಂದಿನ ಹೆಂಗಸರು ಚೆನ್ನಾಗಿ ಬಲ್ಲವರಾಗಿದ್ದರು. ಹೊಲ ಮನೆ ಹೆಸರಿಗಿಲ್ಲ, ಒಡವೆ ಕೂಡ ಅರ್ಧ ಅಡವಿನಲ್ಲಿ. ಆದರೆ ಹಾಡು ಅವರದು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ತೊಟ್ಟಿಲ ಹಾಡು, ಬೀಸುವ ಹಾಡು. ಹೆಳವನಕಟ್ಟೆ ಗಿರಿಯಮ್ಮನ ಹಾಡುಗಳು ಇನ್ನೂರು ಮುನ್ನೂರು ವರ್ಷ ದಾಟಿ ಬರುವುದರಲ್ಲಿ ಹೆಂಗಸರ ಬಾಯಿಗೂ ಅವರ ಕೈಬರಹದ ಹಾಡಿನ ಪುಸ್ತಕಗಳಿಗೂ ದೊಡ್ಡ ಪಾಲಿದೆ. ಕಲಿಸಿದವಳದು ಕಡಿಮೆಯಾಗಲಿಲ್ಲ, ಕಲಿತವಳದು ಹೆಚ್ಚಾಯಿತು. ಹೊಲ ಕೊಟ್ಟರೆ ಹೋಗುತ್ತದೆ, ಹಾಡು ಕೊಟ್ಟರೆ ಇರುತ್ತದೆ. ಹೆಣ್ಣಿಗೆ ಪೂರ್ಣ ಒಡೆತನವನ್ನು ಕಾನೂನು ಕೊಡುವುದಕ್ಕೆ ಎಷ್ಟೋ ಮೊದಲೇ ಅವಳು ಹಾಡಿಗೆ ಪೂರ್ಣ ಒಡತಿಯಾಗಿದ್ದಳು.

ನಮ್ಮ ಅತ್ತೆಯವರು ತೀರಿಕೊಂಡು ವರ್ಷಾಂತಿಕ ಕಳೆದ ಮೇಲೆ, ಓರಗಿತ್ತಿ, ನಾದಿನಿ, ನಾನು ಮೂವರೂ ಕೂತು ಅವರ ಸಾಮಾನು ಹಂಚಿಕೊಂಡೆವು. ಬಂಗಾರವನ್ನು ಅವರೇ ಹೇಳಿಟ್ಟಿದ್ದರು, ಅದರ ತಕರಾರಿಲ್ಲ. ಸೀರೆಯೂ ಸುಸೂತ್ರವಾಗಿ ಮುಗಿಯಿತು. ಕಷ್ಟವಾದದ್ದು ಹಾಡಿನ ಪುಸ್ತಕದ್ದು. ಎಣ್ಣೆ ಕಲೆ, ಅರಿಸಿನದ ಬೆರಳಿನ ಗುರುತು ಇದ್ದ ಇನ್ನೂರು ಪುಟದ ನೋಟ್‌ಬುಕ್ಕು. ಮೂವರಿಗೂ ಬೇಕು. ಕೊನೆಗೆ ಎರಡು ಜೆರಾಕ್ಸ್ ಮಾಡಿಸಿ, ಮೂಲ ಪುಸ್ತಕವನ್ನು ನಾದಿನಿಗೇ ಕೊಟ್ಟೆವು. ಪೆಟ್ಟಿಗೆಯ ತಳದಲ್ಲಿ ಕ್ಯಾಸೆಟ್ಟುಗಳೂ ಇದ್ದವು. ‘ಇದೆಲ್ಲ ಈಗ ಫೋನಲ್ಲೇ ಬರತ್ತಲ್ಲ ಅಕ್ಕ’ ಎಂದಳು ಓರಗಿತ್ತಿ. ನಿಜವೇ, ಬಹಳಷ್ಟು ಬರುತ್ತಿದ್ದವು. ಒಂದನ್ನು ಬಿಟ್ಟು.

ಅದು 1987ರಲ್ಲಿ ನಾದಿನಿಯ ಮದುವೆಯಲ್ಲಿ ಬಂಧುಗಳೊಬ್ಬರು ಟೂ-ಇನ್-ಒನ್ ಇಟ್ಟು ತುಂಬಿಸಿದ್ದು. ಅತ್ತೆ ಮತ್ತು ನೆರೆಯ ಇಬ್ಬರು ಹೆಂಗಸರು ಕೂತು ಹಸೆ ಹಾಡು ಹಾಡಿದ್ದಾರೆ. ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವ ಹುಡುಗನೊಬ್ಬ ಪುಟ್ಟ ಸ್ಕ್ರೂಗಳನ್ನು ಬಿಚ್ಚಿ, ಬೂಷ್ಟು ಒರೆಸಿ, ಸುರುಳಿಯನ್ನು ಬೇರೆ ಡಬ್ಬಿಗೆ ಹಾಕಿ, ಕಂಪ್ಯೂಟರಿಗೆ ಇಳಿಸಿಕೊಟ್ಟ. ಅಂಗಡಿಯ ಸ್ಪೀಕರಿನಲ್ಲಿ ಅತ್ತೆಯವರ ದನಿ ಬಂದಾಗ, ಸ್ಕೂಟರ್ ಹಾರನ್ನುಗಳ ನಡುವೆ ನಾವು ಮೂವರೂ ಸುಮ್ಮನೆ ನಿಂತಿದ್ದೆವು. ಹಿನ್ನೆಲೆಯಲ್ಲಿ ಕೊಳಗ ಜರುಗಿಸುವ ಸದ್ದು, ಯಾರದೋ ಮಗುವಿನ ಅಳು. ಅತ್ತೆ ನಡುವೆ ಹಾಡು ನಿಲ್ಲಿಸಿ ‘ಮಗು ಯಾರ್ದೇ, ಎತ್ಕೊಳ್ರೇ’ ಎಂದು ಗದರಿ ಮತ್ತೆ ಅದೇ ಸಾಲಿಗೆ ಹೋಗುತ್ತಾರೆ.

ನಾದಿನಿಯ ಮಗಳು ಇದನ್ನು ಕೇಳಿ ಕೇಳಿ ಒಂದು ಹಾಡು ಬರೆದುಕೊಂಡಳು. ಮಗುವಿನ ಅಳುವಿನಲ್ಲಿ ಎರಡು ಪದ ಮುಚ್ಚಿಹೋಗಿದ್ದವು, ಪುಸ್ತಕದಲ್ಲೂ ಆ ಹಾಡಿರಲಿಲ್ಲ. ಅಂದು ಜೊತೆಗೆ ಹಾಡಿದ್ದ ನೆರೆಯ ಅಜ್ಜಿಗೆ ಈಗ ತೊಂಬತ್ತು. ಅವರ ಮನೆಗೆ ಹೋಗಿ ಪಕ್ಕದಲ್ಲಿ ಕೂತು ಹೇಳಿಸಿಕೊಂಡು ಬಂದಳು. ಅಜ್ಜಿ ಆ ಎರಡು ಪದವನ್ನಷ್ಟೇ ಅಲ್ಲ, ನಾವು ಯಾರೂ ಕೇಳಿರದ ಇನ್ನೊಂದು ನುಡಿಯನ್ನೂ ಸೇರಿಸಿ ಕೊಟ್ಟರಂತೆ.

ನಾನು ಈಗಲೂ ಆ್ಯಪ್‌ಗೆ ತಿಂಗಳ ಹಣ ಕಟ್ಟುತ್ತೇನೆ. ಬೆಳಗಿನ ಅಡಿಗೆ ಅದರ ಜೊತೆಯಲ್ಲೇ ಆಗುವುದು, ಬಿಡುವ ಯೋಚನೆಯೂ ಇಲ್ಲ. ಜೊತೆಗೆ ಒಂದು ನಿಯಮ ಮಾಡಿಕೊಂಡಿದ್ದೇನೆ. ಕೇಳುತ್ತಾ ಕೇಳುತ್ತಾ ಯಾವುದಾದರೂ ಹಾಡು ‘ಇದನ್ನು ಇಂಥವರಿಗೆ ಕೊಡಬೇಕು’ ಅನ್ನಿಸಿದರೆ, ಅದನ್ನು ಆ ಪಟ್ಟಿಯಲ್ಲೇ ಬಿಡುವುದಿಲ್ಲ. ಕೊಳ್ಳಲು ಸಿಗುವುದಾದರೆ ಕೊಳ್ಳುತ್ತೇನೆ, ಇಲ್ಲವಾದರೆ ಕಲಿಯುತ್ತೇನೆ. ನನ್ನ ಗಂಟಲಿಗೆ ಬಾರದ್ದನ್ನು ಯಾರು ಹಾಡಿದ್ದು, ಯಾರ ಜೊತೆ ಕೇಳಿದ್ದು, ಯಾಕೆ ಇಷ್ಟವಾಯಿತು ಎಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದಿಡುತ್ತೇನೆ. ಗೆಳತಿಯೂ ಈಗ ಅಂಥದೊಂದು ಪುಸ್ತಕ ಇಟ್ಟಿದ್ದಾಳೆ. ಇನ್ನೂರರಲ್ಲಿ ಅರವತ್ತೊಂದು ಹಾಡು ನೆನಪಾಗಿವೆಯಂತೆ. ಒಂದೊಂದರ ಮುಂದೆಯೂ ಅವರು ಏನೆನ್ನುತ್ತಿದ್ದರು ಎಂದು ಬರೆಯುತ್ತಿದ್ದಾಳೆ, ಮೊಮ್ಮಗಳಿಗೆ ಕೊಡಲು.